ಖಾಲಿ ಬಿಟ್ಟ ಎರಡು ಮನಿ

ನಮ್ಮ ಬೀಗತಿ ಇಂದ್ರವ್ವ ರಾಮದುರ್ಗದಾಕಿ, ಟೆಲಿಫೋನ್ ಆಫೀಸಿನ್ಯಾಗ ನೌಕರಿ ಮಾಡಿ ರಿಟೈರ್ ಆದಾಕಿ. ಆಕಿಗೊಂದು ಚಟ ಐತ್ರಿ. ದಿನಾ ಮುಂಜಾನೆದ್ದು ಪೇಪರಿನ್ಯಾಗಿನ ಪದಬಂಧ ತುಂಬತಾಳ, ತುಂಬಿದ್ದನ್ನ ಫೋಟೋ ಹೊಡದು ನಮ್ಮ ಬೀಗರ ವಾಟ್ಸಾಪ್ ಗ್ರೂಪಿಗೆ ಹಾಕತಾಳ, ಕೆಳಗ 'ಇವತ್ತಿಂದು ಮುಗೀತು' ಅಂತ ಬರೀತಾಳ. ನಾವಿನ್ನೂ ಹಲ್ಲ ತಿಕ್ಕಿರಂಗಿಲ್ಲ, ಆಕಿದು ಮುಗದಿರತೈತಿ. ಏನ್ ಮುಗೀತವ್ವಾ ತಾಯಿ? ಜ್ವಾಳದ ರಾಶಿ ಮುಗೀತೋ, ಮಗಳ ಮದವಿ ಮುಗೀತೋ? ನಾಕ ಬಿಳಿ ಮನ್ಯಾಗ ನಾಕ ಅಕ್ಷರ ಕೂಡಿಸಿದ್ದಕ್ಕ ಇಷ್ಟ ಡೌಲು!

ನಾ ಸೀತವ್ವ. ಸವದತ್ತ್ಯಾಗ ನಂದೊಂದು ಹೊಲಿಗಿ ಅಂಗಡಿ ಐತಿ. ಜಂಪರ್, ಲಂಗಾ, ಸಾಲಿ ಹುಡುಗರ ಯೂನಿಫಾರ್ಮ್ ಎಲ್ಲಾ ಹೊಲೀತೇನಿ. ಅಂಗಡಿ ಹೆಸರೇನು ಅಂತ ಮಾತ್ರ ಕೇಳಬ್ಯಾಡ್ರಿ. ಅದು ನಮ್ಮ ಮನ್ಯಾವ್ರ ಹೆಸರು, ಅದನ್ನ ನಾ ಹೇಳಂಗಿಲ್ಲ. ಮದವ್ಯಾದಾಗಿಂದ ಹೇಳಿಲ್ಲ, ಅವರು ತೀರಕೊಂಡ ಮ್ಯಾಲೂ ಹೇಳಿಲ್ಲ. ರೇಶನ್ ಆಫೀಸಿನ್ಯಾಗ 'ಯಜಮಾನರ ಹೆಸರೇನು' ಅಂದ್ರ ಬಾಜೂಕ ನಿಂತಾವ್ರ ಮಾರಿ ನೋಡತಿದ್ದೆ, ಯಾರರೆ ಪುಣ್ಯಾತ್ಮರು ಹೇಳತಿದ್ರು. ಗಿರಾಕಿ ಫೋನ್ ಮಾಡಿ 'ಯಾವ ಅಂಗಡಿ ಅಕ್ಕಾರ' ಅಂದ್ರ, 'ಬಸ್ ಸ್ಟ್ಯಾಂಡ್ ಹಿಂದ, ನೀಲಿ ಬೋರ್ಡ, ಓದಕೊಂಡ ಬರ್ರಿ' ಅಂತೇನಿ. ನೀವು ನಗತೀರಿ. ನಗ್ರಿ. ನಮ್ಮವ್ವ ಹಂಗ ಕಲಿಸಿದ್ಲು, ನಾ ಹಂಗ ನಡಕೊಂಡ ಬಂದೇನಿ.

ಹ್ವಾದ ವರ್ಷ ನನ್ನ ಮಗ ಕಾಂತೇಶಗ ಗಂಡಸಮಗ ಹುಟ್ಟಿತು. ಕಾಂತೇಶ ಬೈಲಹೊಂಗಲದಾಗ ಮೋಟರ್ ರಿಪೇರಿ ಅಂಗಡಿ ಇಟ್ಟಾನ. ಸೊಸಿ ಸಂಘಮಿತ್ರಾ ಇದೇ ಇಂದ್ರವ್ವನ ಮಗಳು. ಬಾಣಂತನಕ್ಕ ತವರಿಗೆ ಹೋಗಿದ್ಲು, ಮೂರ ತಿಂಗಳಾದ ಮ್ಯಾಲೆ ಅಲ್ಲೇ ರಾಮದುರ್ಗದಾಗ ಕೂಸಿನ್ನ ತೊಟ್ಟಿಲಕ್ಕ ಹಾಕಿ ಹೆಸರಿಡೂದು ಅಂತ ಮಾತಾತು.

ನನಗ ಒಂದ ಆಸೆ ಇತ್ತು. ಕೂಸಿಗೆ ಅವರ ಹೆಸರ ಇಡಬೇಕು. ಯಾಕಂದ್ರ ಖರೇ ಹೇಳತೇನಿ, ಅವರು ಹ್ವಾದ ಮ್ಯಾಲೆ ನಮ್ಮನ್ಯಾಗ ಆ ಹೆಸರ ಯಾರ ಬಾಯಾಗೂ ಇಲ್ಲ. ಮೊದಲ ಅವರ ಗೆಳ್ಯಾ ಲಗಮಪ್ಪಣ್ಣ ದಿನಾ ಸಂಜೀಕ ಬಾಗಲದಾಗ ನಿಂತು ಆ ಹೆಸರ ಹಿಡದು ಒದರತಿದ್ದ. ಓಣಿಗೆಲ್ಲಾ ಕೇಳತಿತ್ತು. ಅವಾಗ 'ಎಷ್ಟ್ ಒದರತಾನಪಾ ಈ ಮನಶ್ಯಾ' ಅಂತ ನನಗ ಸಿಟ್ಟು ಬರತಿತ್ತು. ಈಗ ಲಗಮಪ್ಪಣ್ಣನೂ ಇಲ್ಲ. ಮಕ್ಕಳು ಅಪ್ಪಾ ಅಂತಾವು, ಗಿರಾಕಿಗಳು ಬರೇ ಟೇಲರ್ ಅಂತಾರ. ನಾ ಅಂತೂ ಕರ್ಯಾಂಗಿಲ್ಲ, ಬ್ಯಾರೇದವ್ರರೆ ಕರೀಲಿ, ಮನಿ ಒಳಗ ಆ ಹೆಸರ ಓಡ್ಯಾಡಲಿ, ನಾ ಮಶಿನ್ ತುಳಕೋತ ಕೇಳತೇನಿ. ಇಷ್ಟ ನನ್ನ ಆಸೆ.

ಅದನ್ನ ಇಂದ್ರವ್ವಗ ಫೋನಿನ್ಯಾಗ ಹೇಳಬೇಕಲ್ಲ, ಅಲ್ಲೇ ಬಂತು ನೋಡ್ರಿ ಫಜೀತಿ.

"ಬೀಗತಿ, ಕೂಸಿಗೆ ಅವರ ಹೆಸರ ಇಡೂಣ್ರಿ."

"ಯಾರ ಹೆಸರ್ರಿ?"

"ಅವರದ್ರಿ."

"ಅವರು ಅಂದ್ರ ಯಾರ್ರಿ?" ಆಕಿಗೆ ಗೊತ್ತೈತಿ, ಬೇಕಂತನ ಕೇಳಾಕ ಹತ್ತ್ಯಾಳ. "ಬಾಯಿ ಬಿಟ್ಟು ಹೇಳ್ರಿ. ಹೇಳಿದ್ರ ಇಡತೇವಿ."

"ನಮ್ಮನ್ಯಾಗ ಹಂಗ ಹೇಳಂಗಿಲ್ರಿ."

"ನಮ್ಮನ್ಯಾಗ ಹೇಳತೇವ್ರಿ. ಏ ಸೋಮಪ್ಪಾ!" ಅಂತ ಅಲ್ಲಿಂದನ ಗಂಡನ್ನ ಒದರಿ ಕರದ್ಲು. ಆ ಮನಶ್ಯಾ "ಆಂ, ಬಂದೆ" ಅಂದದ್ದೂ ಕೇಳಿಸ್ತು. "ನೋಡಿದ್ರಿಲ್ಲೋ? ಏನ್ ಸಿಡ್ಲ ಬಿತ್ತು? ನಿಮ್ಮ ನಾಲಿಗಿ ಮ್ಯಾಲ ಬರದ ಹೆಸರ ತಂದು ನಮ್ಮ ಕೂಸಿನ ತಲಿಮ್ಯಾಲ ಯಾಕ ಹೊರಸ್ತೀರಿ? ನಾವು ಸುಗತ ಅಂತ ಇಡಾವ್ರು. ಬುದ್ಧನ ಹೆಸರು, ಚಂದ ಐತಿ, ಯಾರ ಬೇಕಾದ್ರೂ ಕರೀಬಹುದು."

"ಸುಗತನೋ ಏನೋ, ಸಕ್ಕರಿ ಬ್ಯಾನಿ ಗುಳಗಿ ಹೆಸರ ಇದ್ದಂಗೈತಿ" ಅಂದೆ. ಅನಬಾರದಿತ್ತು, ಬಾಯಿಗೆ ಬಂತು, ಅಂದೆ. ಮಾತಿಗೆ ಮಾತ ಬೆಳೀತು. ಆಕಿ "ನಾಕ ಅಕ್ಷರ ಓದಿದಾವ್ರಿಗೆ ತಿಳಿತೈತ್ರಿ ಆ ಹೆಸರಿನ ಅರ್ಥ" ಅಂದ್ಲು. ನನ್ನ ತಲಿ ಗಿರ್ ಅಂತು. ನಾ ಏಳನೇತ್ತ ಪಾಸ್ ಆದಾಕಿ ಅಂತ ಹಂಗಸತಾಳ!

"ಬರ್ರಿ ಹಂಗಾರ" ಅಂದೆ. "ನಿಮ್ಮ ಪದಬಂಧದಾಗನ ಆಗಿಬಿಡ್ಲಿ. ತೊಟ್ಟಿಲದ ಹಿಂದಿನ ಐತವಾರ ಇಬ್ರೂ ತುಂಬೂಣು. ಮೊದಲ ಯಾರು ಮುಗಸ್ತಾರೋ ಅವರದ ಹೆಸರು. ಪೈಜಿ?"

"ಪೈಜಿ!" ಅಂದ್ಲು ಆಕಿ, ಖುಷೀಲೆ.

ಫೋನ್ ಇಟ್ಟ ಮ್ಯಾಲೆ ನೆನಪಾತು, ನಾ ಹುಟ್ಟಿದಾಗಿಂದ ಒಂದ ಪದಬಂಧನೂ ತುಂಬಿಲ್ಲ.

ಸೊಸಿ ಸಂಘಮಿತ್ರಾ ಗ್ರೂಪಿಗೆ ಬರದ್ಲು: 'ಹಡದಾಕಿ ನಾ ಅದೇನಿ, ನನ್ನ ಯಾರರೆ ಒಂದ ಮಾತ ಕೇಳ್ರಿ. ನೀವಿಬ್ರೂ ಆಟ ಆಡಕೋತ ಕುಂತಿರ್ರಿ, ಅಲ್ಲೀತನಕ ನಾ ಅಪ್ಪು ಅಂತ ಕರೀತಿರತೇನಿ.' ಆಕಿ ಹೇಳೂದೂ ಬರೋಬ್ಬರಿ ಇತ್ತು ಬಿಡ್ರಿ, ಆದ್ರ ಕೇಳಾವ್ರು ಯಾರು?

ಕಾಂತೇಶನ್ನ ಪಂಚ ಅಂತ ಮಾಡಿದ್ವಿ. ಅವಂಗ ಮನಸ್ಸಿರಲಿಲ್ಲ. "ಯವ್ವಾ, ಈ ಕಡೆ ನೀ, ಆ ಕಡೆ ಅತ್ತಿ, ನಡಬರಕ ನಾ ಯಾಕ ಸಾಯಲಿ?" ಅಂದ. "ಮಗಾ ಅಂತ ಯಾಕ ಹುಟ್ಟಿದಿ ಹಂಗಾರ?" ಅಂದೆ. ನಾನ ಒಂದ ರೂಲ್ಸೂ ಹಾಕಿಸಿದೆ. ಇಂದ್ರವ್ವನ ಪದಬಂಧ ಸೋಮಪ್ಪ ತುಂಬಿ ಕೊಡತಾನ ಅಂತ ನನಗ ಗುಮಾನಿ ಇತ್ತು, ಅದಕ್ಕ: "ಹಿಂದ ಕುಂತು ಯಾರ ಬೇಕಾದ್ರೂ ಒದರಲಿ, ಆದ್ರ ಪ್ರತಿಯೊಂದು ಅಕ್ಷರ ಆಡಾವ್ರ ಸ್ವಂತ ಕೈಲೆ ಬರದದ್ದ ಇರಬೇಕು. ಮಂದಿ ಕೈ ಅಕ್ಷರ ಒಂದ ಕಂಡ್ರೂ ಸೋತಂಗ." ಇಂದ್ರವ್ವ ಒಪ್ಪಿದ್ಲು. ಭಾಳ ಶಾಣ್ಯಾಕಿ ಆದೆ ಅಂತ ನನ್ನ ಬೆನ್ನ ನಾನ ಚಪ್ಪರಿಸಿಕೊಂಡೆ.

ಕಲಸಾಕ ನಿಜಗುಣಪ್ಪ ಸಿಕ್ರು. ಅವರು ಹೂಲಿಯಾವ್ರು, ದಿನಾ ಬಸ್ಸಿಗೆ ಸವದತ್ತಿಗೆ ಬಂದು ನನ್ನ ಅಂಗಡ್ಯಾಗ ಪುಕ್ಕಟೆ ಪೇಪರ ಓದಿ, ಪುಕ್ಕಟೆ ಪದಬಂಧ ತುಂಬಿ ಹೋಗಾವ್ರು. ಇಷ್ಟ ದಿನ ಕುಂತ ಕುರ್ಚಿ ಸವಸ್ಯಾರ, ಈಗರೆ ಉಪಯೋಗಕ್ಕ ಬರಲಿ ಅಂತ ಕೇಳಿದೆ. ಆ ಮನಶ್ಯಾಗ ಗುರು ಆಗೂ ಆಸೆ ಎಷ್ಟ ದಿನದಿಂದ ಇತ್ತೋ ಏನೋ, ಮರದಿವ್ಸ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ ಬಂದ್ರು.

"ಮೊದಲ ಪೆನ್ ಬಿಡ್ರಿ ಸೀತವ್ವಾರ, ಪೆನ್ಸಿಲ್ ಹಿಡೀರಿ" ಅಂದ್ರು. ಇದು ನನಗ ಜಲ್ದಿ ತಿಳೀತು. ಜಂಪರಿಗೆ ಮೊದಲ ಕಚ್ಚಾ ಟಾಕಿ ಹಾಕ್ತೇವಿ, ಮೈಗೆ ಬರೋಬ್ಬರಿ ಕುಂತ ಮ್ಯಾಲೆ ಮಶಿನ್ ಹೊಡೀತೇವಿ, ಹಂಗ. ಉದ್ದನ್ನ ಪದ ಮೊದಲ ತುಂಬಬೇಕಂತ, ಅದು ಕುಂತ್ರ ಸಣ್ಣಾವಕ್ಕೆಲ್ಲಾ ಒಂದೊಂದು ಅಕ್ಷರ ಸಿಗತೈತಂತ. ಅದೂ ತಿಳೀತು, ದೊಡ್ಡ ಅರಿವಿ ಕತ್ತರಿಸಿದ ಮ್ಯಾಲೇ ಅಲ್ಲೇನ ತೋಳಿನ ತುಂಡು ಸಿಗೂದು? ಒಂದ ಸುಳಿವಿನ ಮುಂದ ತಾಸಗಟ್ಲೆ ಕುಂಡರಬಾರದು, ಬಿಟ್ಟು ಮುಂದ ಹೋಗಬೇಕು, ಒಂದ ಚಾ ಕುಡದು ಬಂದು ನೋಡಿದ್ರ ಅದು ತಾನ ಹೊಳೀತೈತಿ ಅಂದ್ರು. ಈ ಚಾ ನನ್ನ ಖರ್ಚಿನ್ಯಾಗ, ಮತ್ತ ಗುರುಗಳಿಗೆ ಭಾಳ ಸಲ ಹೊಳೀಬೇಕಾಗತಿತ್ತು.

ತಿಳೀಲಾರದ್ದಂದ್ರ ಈ ಜೋಡಿ ಹೆಸರುಗಳು. ನೀರು ಅಂತ ಕೇಳತಾರ, ನೀರು ಅಂತ ಬರದ್ರ ತಪ್ಪು! ಜಲ, ವಾರಿ, ಉದಕ ಅನ್ನಬೇಕು. ಆನಿಗೆ ಗಜ, ಕರಿ. ತಾವರಿಗೆ ಪಂಕಜ, ಸರೋಜ. ಟೇಲರ್ ಚಾಕ್ ತಗೊಂಡು ಅಂಗಡಿ ಗೋಡಿ ತುಂಬ ಬರದೆ. ಜಂಪರ ಅಳತಿ ಕೊಡಾಕ ಬಂದಾವ್ರು ಕೈ ಎತ್ತಿ ನಿಂತ್ರ ನಾ ಟೇಪ್ ಹಿಡಕೊಂಡು ಗೋಡಿ ನೋಡಕೋತ "ಮಂಗ್ಯಾ, ಕಪಿ, ವಾನರ, ಮರ್ಕಟ" ಅಂತ ಮಂತ್ರ ಹೇಳತಿದ್ದೆ. ಒಬ್ಬ ಮಾಸ್ತರ ಹೇಂತಿ ತನಗ ಅಂದೆ ಅಂತ ತಿಳಕೊಂಡು ಅರಿವಿ ವಾಪಸ್ ತಗೊಂಡ ಹ್ವಾದ್ಲು. ಹೋಗ್ಲಿ ಅತ್ಲಾಗ, ಆಕಿ ಮೊದಲ ಹಿಂದಿನ ಹೊಲಿಗೀದ ಕೊಟ್ಟಿರಲಿಲ್ಲ.

ಮೊದಮೊದಲ ನಂದು ಅರ್ಧನೂ ತುಂಬತಿರಲಿಲ್ಲ. ಇಂದ್ರವ್ವ ಅಲ್ಲಿ 'ಮುಗೀತು' ಅನಬೇಕು, ನಾ ಇಲ್ಲಿ ರಬ್ಬರ್ ತಿಕ್ಕಿ ಪೇಪರ ತೂತ ಮಾಡಬೇಕು. ಆಮ್ಯಾಲ ಬರಬರತ ಒಂದ ಮಾತ ನನ್ನ ಕಣ್ಣಿಗೆ ಬಿತ್ತು. ಈ ಪದಬಂಧ ಮಾಡಾಂವ ಯಾವನೋ ಒಬ್ಬನ ಅದಾನ, ಮತ್ತ ಅವಂಗ ಪ್ರಾಣಿ ಹುಚ್ಚು. ದಿನಾ ಹಾವು, ನಾಯಿ, ಮಂಗ್ಯಾ ಇಲ್ಲದ ಅವನ ಕೈ ಮುಂದ ಸಾಗಂಗಿಲ್ಲ. ಗಿರಾಕಿದು ಮೈಕಟ್ಟು ತಿಳಕೊಂಡ್ರ ಕಣ್ಣಳತಿ ಮ್ಯಾಲೇ ಹೊಲೀಬಹುದು. ಹಂಗ ಅವನ ಖಯಾಲಿ ತಿಳಕೊಂಡೆ ನೋಡ್ರಿ, ಪೆನ್ಸಿಲ್ ಓಡಾಕ ಹತ್ತಿತು. ಒಂದ ದಿವ್ಸ ಇಂದ್ರವ್ವನಕಿಂತ ಮೊದಲ ಫೋಟೋ ಹಾಕಿ 'ನಮ್ಮದೂ ಮುಗೀತು' ಅಂತ ಬರದೆ. ಆಕಿ ಒಂದ ಹೆಬ್ಬಟ್ಟಿನ ಚಿತ್ರ ಕಳಿಸಿದ್ಲು, ಅಷ್ಟ. ಅವತ್ತ ನಾ ಗುರುಗಳಿಗೆ ಚಾ ಜೋಡಿ ಭಜೀನೂ ತರಿಸಿದೆ.

ಆ ಐತವಾರ ಬಂತು.

ಮುಂಜಾನೆ ಕಾಂತೇಶ ಬೈಲಹೊಂಗಲದಿಂದ 'ಹೂಂ, ಚಾಲೂ ಮಾಡ್ರಿ' ಅಂತ ಗ್ರೂಪಿಗೆ ಹಾಕಿದ. ನಾ ಅಂಗಡ್ಯಾಗ ಮಶಿನ್ ಮ್ಯಾಲೆ ಪೇಪರ ಹಾಸಿದೆ. ನಿಜಗುಣಪ್ಪ ಬಾಜೂಕ ನಿಂತಿದ್ರು, ನನಗಿಂತ ಅವರಿಗೇ ಜಾಸ್ತಿ ಬೆವರು. ಎಂಥಾ ದಿನ ಅಂತೀರಿ! ಉದ್ದನ್ನಾವು ಎರಡು ಒಮ್ಮೆಲೇ ಹೊಳದುವು. ಮ್ಯಾಲಿಂದ ಕೆಳಗ 'ಹಾವು', ಮೂರ ಮನಿ. ಪನ್ನಗ ಅಂತ ಬರದೆ. 'ನಾಯಿ', ಮೂರ ಮನಿ. ಶುನಕ. 'ಕೋತಿ', ಮೂರ ಮನಿ. ಮರ್ಕಟ! ನಮ್ಮ ಮಂದಿ ಎಲ್ಲಾ ಬಂದ ಬಿಟ್ಟಿದ್ರು. ಗುರುಗಳು "ಹಾಂ, ಹೊಡೀರಿ, ಹೊಡೀರಿ" ಅಂತ ಕುಸ್ತಿ ನೋಡಿದಂಗ ಒದರತಿದ್ರು. ಗ್ರೂಪಿನ್ಯಾಗ ಇಂದ್ರವ್ವಂದು ಇನ್ನೂ ಸುದ್ದಿಲ್ಲ.

ಕಡೀಕ ಉಳದದ್ದು ಒಂದ. ಎಡಕಿನಿಂದ ಬಲಕ್ಕ, ಐದ ಮನಿ. ಸುಳಿವು ಓದಿದೆ: 'ರೇಣುಕೆಯ ಮಗ, ಕೈಯಲ್ಲಿ ಕೊಡಲಿ.'

ನನ್ನ ಪೆನ್ಸಿಲ್ ನಿಂತ ಬಿಡ್ತು.

ನಿಮಗ ಈಗ ತಿಳೀತಲ್ಲ, ನಮ್ಮ ಮನ್ಯಾವ್ರ ಹೆಸರೇನು ಅಂತ? ನಮ್ಮತ್ತಿ ಎಲ್ಲವ್ವಗ ಹರಕಿ ಹೊತ್ತು ಹಡದ ಮಗಾ, ಅದಕ್ಕ ಎಲ್ಲವ್ವನ ಮಗನ ಹೆಸರ ಇಟ್ಟಿದ್ರು.

ಐದರಾಗ ಮೂರ ಮನಿ ಆಗಲೇ ತುಂಬಿದ್ದುವು. ಹಾವು, ನಾಯಿ, ಮಂಗ್ಯಾ ಮೂರೂ ತಮ್ಮ ತಮ್ಮ ಮೊದಲನೇ ಅಕ್ಷರ ತಂದು ಅವರ ಹೆಸರಿನ್ಯಾಗ ಕೂಡಿಸಿ ನಿಂತಿದ್ದುವು. ನನಗ ಗೊತ್ತಿಲ್ಲದ ನನ್ನ ಕೈಲೇನ ಬರಸ್ಯಾವ ನೋಡ್ರಿ! ಇನ್ನ ಎರಡನ ಮನಿ ಖಾಲಿ ಇದ್ದುವು.

"ಬರೀರಿ!" ಅಂದ್ರು ನಿಜಗುಣಪ್ಪ. "ಅಯ್ಯ, ಬರೀರಿ ಸೀತವ್ವಾರ, ಏನ್ ನೋಡತೀರಿ? ಸಣ್ಣ ಹುಡುಗರೂ ಹೇಳತಾವು! ಎಲ್ಲವ್ವನ ಗುಡ್ಡದ ಬುಡಕ ಕುಂತು ಎಲ್ಲವ್ವನ ಮಗನ ಹೆಸರ ಬರಂಗಿಲ್ಲಂದ್ರ ಊರ ಮಂದಿ ಏನಂದಾರು?" ಅಂತ ತಲಿ ತಲಿ ಬಡಕೊಂಡ್ರು. ಆಮ್ಯಾಲ ಅವರ ಕಣ್ಣು ಹೊರಗ ಬಾಗಲ ಮ್ಯಾಲಿನ ನೀಲಿ ಬೋರ್ಡಿಗೆ ಹೋತು. ಸಣ್ಣ ದನೀಲೆ "ತರ್ರಿ, ನಾ ಬರೀತೇನಿ" ಅಂದ್ರು.

"ಆಗಂಗಿಲ್ರಿ. ಸ್ವಂತ ಕೈಲೇ ಬರೀಬೇಕಂತ ನಾನ ರೂಲ್ಸ್ ಹಾಕೇನಿ."

ಅಷ್ಟರಾಗ ಕಾಂತೇಶಂದು ಫೋನ್ ಬಂತು. ಅವನೂ ಪೇಪರ ಮುಂದ ಇಟ್ಟಕೊಂಡ ಕುಂತಿದ್ದ. "ಯವ್ವಾ, ಆ ಐದ ಮನೀದು..." ಅಂದ.

"ನೋಡೇನಿ."

"ಬರದ್ರ ಅಪ್ಪನ ಹೆಸರ ಕೂಸಿಗೆ ಬರತೈತಿ. ಬರೀಲಿಲ್ಲಂದ್ರ ಅತ್ತಿ ಇಡತಾರ. ಎರಡ ಅಕ್ಷರ ಯವ್ವಾ. ಬಾಯಿಲೆ ಹೇಳ ಅನ್ನಾಕ ಹತ್ತಿಲ್ಲ, ಬರೀ ಅಂತೇನಿ. ಬರೇ ಪೆನ್ಸಿಲ್ಲೆ. ಆಮ್ಯಾಲ ಅಳಿಸಿಬಿಡ."

ಪಂಚ ಆದಾಂವ ಹಂಗ ಹೇಳಬಾರದು, ಆದ್ರೂ ಹೇಳಿದ. ನಾ ಪೆನ್ಸಿಲ್ ತಗೊಂಡು ಖಾಲಿ ಮನಿ ಮ್ಯಾಲೆ ಇಟ್ಟೆ. ಬರೀಬೇಕಂತನ ಇಟ್ಟೆ, ಸುಳ್ಳ ಹೇಳಂಗಿಲ್ಲ. ಆದ್ರ ಕೈ ಬರಲಿಲ್ಲ. ಅವರು ಇದ್ದಾಗ ಎಷ್ಟ ಸಲ ಚ್ಯಾಷ್ಟಿ ಮಾಡತಿದ್ರು, "ಒಮ್ಮಿ ಹೇಳ ನೋಡೂಣು, ನಿನ್ನ ಬಾಯಾಗ ಹೆಂಗ ಕೇಳಿಸ್ತೈತಿ" ಅಂತ. "ಹೋಗ್ರಿ ಅತ್ಲಾಗ" ಅಂತಿದ್ದೆ. ಅವರು ನಗತಿದ್ರು. ಅವರು ಕೇಳಿದಾಗ ಕೊಡಲಾರದ್ದನ್ನ ಈಗ ಬೀಗತಿ ಜೋಡಿ ಪೈಜಿ ಗೆಲ್ಲಾಕ ಹೊರಗ ತಗೀಲೇನು? ಪೆನ್ಸಿಲ್ ಕೆಳಗಿಟ್ಟು, ಎರಡ ಮನಿ ಖಾಲಿ ಇದ್ದಂಗ ಫೋಟೋ ಹೊಡದು ಗ್ರೂಪಿಗೆ ಹಾಕಿದೆ.

ಚಾ ಕುಡ್ಯೂ ಹೊತ್ತಿನ ಮ್ಯಾಲೆ ಇಂದ್ರವ್ವಂದು ಬಂತು, ಎಲ್ಲಾ ತುಂಬಿದ್ದು. ಕೆಳಗ: 'ಇವತ್ತಿಂದು ಮುಗೀತು. ಏನ್ರಿ ಬೀಗತಿ, ಸವದತ್ತ್ಯಾವ್ರಾಗಿ ಎಲ್ಲವ್ವನ ಮಗನ್ನ ಮರತ್ರಿ?' ಅದರ ಮುಂದ ಹಲ್ಲ ಕಿಸದ ಹಳದಿ ಮಾರಿ ಚಿತ್ರ, ಸಾಲಕ ಸಾಲ.

ನಾ ಫೋನ್ ತಗೊಂಡು ಅರಿವಿ ಗಂಟಿನ್ಯಾಗ ಒಗದೆ. ರಾಮದುರ್ಗಕ್ಕ ಹೋಗಂಗಿಲ್ಲ, ಆ ಮನಿ ನೀರ ಮುಟ್ಟಂಗಿಲ್ಲ, ಜಲನೂ ಮುಟ್ಟಂಗಿಲ್ಲ, ವಾರಿನೂ ಮುಟ್ಟಂಗಿಲ್ಲ ಅಂತ ಸಿಟ್ಟಿಗೆದ್ದೆ. ನನ್ನ ಮಗಳು ರೇಣು ಕಿತ್ತೂರಾಗ ಕೊಟ್ಟಾಕಿ, ಆಕಿ ಬಂದು ಬೈದ್ಲು. "ಯವ್ವಾ, ಹೆಸರ ಏನರೆ ಇಡಲಿ, ಕೂಸು ನಮ್ಮದು ಹೌದಿಲ್ಲೋ? ಕಿವ್ಯಾಗ ಹೆಸರ ಹೇಳೂ ಸ್ವಾದರತ್ತಿ ನಾ. ನೀ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ." ಅಂದ ಮ್ಯಾಲೆ ಹೆಂಗ ಕುಂಡರೂದು? ಕೂಸಿಗೆ ಹೊಲದ ಕುಂಚಿಗಿ ಚೀಲದಾಗ ಹಾಕ್ಕೊಂಡು ಬಸ್ ಹತ್ತಿದೆ. ಕೆಂಪ ಖಣದ್ದು, ಅಂಚಿಗೆ ಜರಿ, ಟೋಪಿ ಮ್ಯಾಲೆ ಗೊಂಡೆ. ಸೋತಾಕಿ ಹೊಲದದ್ದು ಅಂತ ಯಾರೂ ಅನಬಾರದು, ಹಂಗ ಹೊಲದಿದ್ದೆ.

ರಾಮದುರ್ಗದಾಗ ಮನಿ ತುಂಬ ಮಂದಿ. ಬುದ್ಧನ ಫೋಟೋಕ್ಕ ಹೂವಿನ ಮಾಲಿ, ಮೇಣಬತ್ತಿ. ನಡುಮನ್ಯಾಗ ತೊಟ್ಟಿಲಾ. ಇಂದ್ರವ್ವ ನನ್ನ ನೋಡಿದ್ಲು, "ಬರ್ರಿ, ಕುಂಡ್ರಿ" ಅಂದ್ಲು. ನಾ ಕುಂತೆ. ಆಕಿ ಪದಬಂಧದ ಮಾತ ತಗೀಲಿಲ್ಲ, ನಾನೂ ತಗೀಲಿಲ್ಲ. ಸಂಘಮಿತ್ರಾ ಕೂಸಿಗೆ ನನ್ನ ಕುಂಚಿಗಿ ಕಟ್ಟಿದ್ಲು. ಚಂದ ಕಾಣತಿತ್ತು, ಥೇಟ್ ರಾಜಾನಂಗ. ಸುಗತ ಅಂದ್ರೂ ಅಡ್ಡಿಲ್ಲ, ಆರಾಮ ಇರಲಿ ಅಂತ ಮನಸ್ಸಿನ್ಯಾಗ ಅಂದಕೊಂಡೆ.

ಹೆಣ್ಣಮಕ್ಕಳು ಜೋಗುಳ ಹಾಡಿ ಮುಗಿಸಿದ್ರು. ರೇಣು ಕೂಸಿನ ಕಿವಿ ಹಂತೇಕ ಬಗ್ಗಿದ್ಲು. ಹೆಸರ ಏನಂತ ಹೇಳಬೇಕು ಅಂತ ಇಂದ್ರವ್ವ ಆಕಿ ಕಿವ್ಯಾಗ ಹೇಳಿದ್ಲು. ರೇಣು ಕಣ್ಣ ಅಗಲ ಮಾಡಿ ಇಂದ್ರವ್ವನ ಮಾರಿ ನೋಡಿದ್ಲು, ಆಮ್ಯಾಲ ನನ್ನ ಮಾರಿ ನೋಡಿದ್ಲು. ಕೂಸಿನ ಕಿವ್ಯಾಗ ಹೇಳಾಕ ಹೋದ್ಲು, ಪದ್ಧತಿ ಪ್ರಕಾರ ಉಳದಾವ್ರೆಲ್ಲಾ ಆಕಿ ಬೆನ್ನಿಗೆ ದಬಾದಬಾ ಗುದ್ದಿದ್ರು. ಗುದ್ದಿನ ಸಪ್ಪಳದಾಗ ಏನೂ ಕೇಳಲಿಲ್ಲ.

"ಏನಿಟ್ಟಿ? ಜೋರ ಹೇಳ!" ಅಂತ ಎಲ್ಲಾರೂ ಒದರಿದ್ರು.

ರೇಣು ಎದ್ದ ನಿಂತು ಜೋರಾಗಿ ಹೇಳಿದ್ಲು. ಐದ ಅಕ್ಷರ.

ಲಗಮಪ್ಪಣ್ಣ ಬಾಗಲದಾಗ ನಿಂತು ಒದರಿದಂಗ ಕೇಳಿಸ್ತು ನನಗ. ಇಂದ್ರವ್ವ ಬಂದು ನನ್ನ ಬಾಜೂಕ ಕುಂತ್ಲು.

"ಆಟದಾಗ ನಾ ಗೆದ್ದೇನಿ. ಹೆಸರಿಡೂ ಪಾಳಿ ನಂದು, ನನಗ ಬೇಕಾದ್ದ ಇಟ್ಟೇನಿ" ಅಂದ್ಲು. ಅಂದಾಕಿ ಸುಮ್ಮನಿರಲಿಲ್ಲ, ನನ್ನ ಕಡೆ ಸರಕೊಂಡು ಮುಂದ ಹೇಳಿದ್ಲು. "ಗೆದ್ದ ಖುಷ್ಯಾಗ ನನಗ ಹೊಳೀಲೇ ಇಲ್ರಿ, ನೀವು ಹಾಕಿದ ಫೋಟೋ ಸೋಮಪ್ಪಗ ತೋರಿಸಿ ನಕ್ಕೆ. ಅವ ನಗಲಿಲ್ಲ. 'ಹುಚ್ಚೀ, ಅದು ತೀರಿಹೋದ ಬೀಗರ ಹೆಸರಲ್ಲೇನ' ಅಂದ. ನನ್ನ ಗಂಡನ ಹೆಸರ ನಾ ದಿನಾ ಹತ್ತ ಸಲ ಒದರತೇನ್ರಿ, ಆದ್ರ ಇಷ್ಟ ಜ್ವಾಕಿ ಮಾಡಿ ಇಟ್ಟಕೊಂಡಿಲ್ಲ. ಹಂತಾ ಹೆಸರ ನಮ್ಮ ಕೂಸಿಗೂ ಇರಲಿ."

ನಾ ಆಕಿ ಕೈ ಹಿಡಕೊಂಡೆ. ಏನರೆ ಅನಬೇಕಂತ ಬಾಯಿ ತಗದೆ, ಅಳು ಬಂತು. ಆಕಿ ಆಕಿನ ಅಲ್ಲೇನು, ಅಷ್ಟರಾಗ ತಿರಗಿ ಸುರು ಮಾಡಿದ್ಲು. "ಅಳೂದ ಸಾಕ್ರಿ. ಈಗ ಅದು ನಿಮ್ಮ ಗಂಡನ ಹೆಸರಲ್ಲ, ಮೊಮ್ಮಗಂದು. ಏಳ್ರಿ, ಎಲ್ಲಾರ ಮುಂದ ಒಮ್ಮಿ ಹೆಸರ ಹಿಡದು ಕರೀರಿ."

"ಹೌದ್ರಿ ಅತ್ತಿ, ಕರೀರಿ" ಅಂದ್ಲು ಸಂಘಮಿತ್ರಾ. "ಯವ್ವಾ, ಕರೀ" ಅಂದ ಕಾಂತೇಶ. ಸೋಮಪ್ಪನೂ ಬಾಗಲ ಸಂದ್ಯಾಗಿಂದ ಹಣಿಕಿ ಹಾಕಿದ. ಓಣಿ ಹೆಣ್ಣಮಕ್ಕಳೆಲ್ಲಾ ಸುತ್ತಗಟ್ಟಿ ನಿಂತ್ರು.

ಆಗಲಿ, ಈಗರೆ ಕರೀಬೇಕು ಅಂತ ಖರೇನ ಮನಸ್ಸ ಮಾಡಿದೆ. ಸೆರಗಿಲೆ ಮಾರಿ ಒರಸ್ಕೊಂಡು ತೊಟ್ಟಿಲದ ಹಗ್ಗಾ ಹಿಡದು ಬಗ್ಗಿದೆ. ಕುಂಚಿಗಿ ಒಳಗಿಂದ ಕೂಸು ನನ್ನ ನೋಡಿತು. ಹಣಿ ಅವರದು, ಹುಬ್ಬು ಅವರದು. ಬಾಯಿ ತಗದೆ.

"ಏನ್ರಿ" ಅಂದೆ.

ಮನ್ಯಾಗ ಎಲ್ಲಾರೂ ಬಿದ್ದ ಬಿದ್ದ ನಕ್ರು, ಇಂದ್ರವ್ವ ಎಲ್ಲಾರಕಿಂತ ಜೋರ. ಕೂಸು ಮಾತ್ರ ನಗಲಿಲ್ಲ. ಕರದದ್ದು ತನಗಂತ ಗೊತ್ತಿದ್ದಂಗ, ನನ್ನ ಕಡೆ ಮಾರಿ ತಿರುವಿ ನೋಡಕೋತ ಮಲಗಿತ್ತು.